ಗೋಡೆಗೆ ತಾಗಿದ ಗರಗಸ

ಎರಡು ಬೆರಳು ಕಳೆದುಕೊಂಡವಳು ಮಹಾದೇವಿ. ಕೆಲಸ ಕಳೆದುಕೊಂಡವಳೂ ಅವಳೇ. ತಪ್ಪು ನನ್ನದು. ಅದನ್ನು ಅವಳದೆಂದು ಬರೆದವಳೂ ನಾನೇ.

ತಿಕೋಟಾದಲ್ಲಿ ನಮ್ಮ ಸಂಸ್ಥೆ ಹೆಣ್ಣುಮಕ್ಕಳಿಗೆ ಬಡಗಿತನ ಕಲಿಸುವ ಕೇಂದ್ರವೊಂದನ್ನು ತೆರೆಯಲು ಹೊರಟಿತ್ತು. ನಾನು ಸಂಚಾಲಕಿ. ತಂದೆಯಿಂದ ಕಸುಬು ಕಲಿತ ಜೈನಾಪುರದ ಮಹಾದೇವಿ ಅಲ್ಲಿನ ಶಿಕ್ಷಕಿ. ವಿದ್ಯುತ್ ಗರಗಸ ಕೊಳ್ಳಲು ಇಬ್ಬರೂ ವಿಜಯಪುರದ ಅಂಗಡಿಗೆ ಹೋದೆವು. ಒಂದು ಸಾದಾ ಯಂತ್ರ — ಅಲಗು ಮೇಲಿನಿಂದ ಇಳಿದು ಕೊಯ್ಯುತ್ತದೆ. ಇನ್ನೊಂದು ಸ್ಲೈಡಿಂಗ್ ಮೈಟರ್ — ಅಲಗು ಎರಡು ಸರಳುಗಳ ಜೊತೆ ಹಿಂದೆ ಮುಂದೆ ಸರಿದು ಅಗಲ ಹಲಗೆಯನ್ನೂ ಕೊಯ್ಯುತ್ತದೆ.

“ಅಕ್ಕಾರ, ಹಳಿ ಮ್ಯಾಲ ರೈಲು ಓಡಿದಂಗ ಓಡತೈತಿ ನೋಡ್ರಿ,” ಎಂದ ಅಂಗಡಿಯವ.

“ರೈಲಿಗಿ ಹಿಂದ ಸರಿಯಾಕ ಜಾಗಾ ಬೇಕಲ್ರಿ ಸಾವ್ಕಾರ್ರ? ಮಷೀನ ಇಡೂ ನಮ್ಮ ಫರ್ಶಿ ಕಲ್ಲಿನ ಕಟ್ಟಿ ಗ್ವಾಡಿಗಿ ಹತ್ತೈತಿ. ಗ್ವಾಡಿ ಒಡದು ಸ್ಟೇಷನ್ ಕಟ್ಟೂನೇನು?” ಎಂದು ನಕ್ಕ ಮಹಾದೇವಿ ನನ್ನತ್ತ ತಿರುಗಿದಳು: “ಕಿಡಕಿ ಚೌಕಟ್ಟಿಗಿ ಸಾದಾದ್ದ ಸಾಕ್ರಿ ಅಕ್ಕಾರ.”

ಮಾತು ಕಿವಿಗೆ ಬಿದ್ದಿತ್ತು. ಆದರೆ ಉದ್ಘಾಟನೆಗೆ ಬರುವ ಅತಿಥಿಗಳೆದುರು ಅಗಲ ಹಲಗೆಯೊಂದನ್ನು ಒಂದೇ ಎಳೆತಕ್ಕೆ ಕೊಯ್ದು ತೋರಿಸಬೇಕೆಂಬ ಆಸೆಗೆ ಸ್ಲೈಡಿಂಗ್ ಯಂತ್ರವನ್ನೇ ಕೊಂಡೆ. ದುಡಿಯುವವರ ಅನುಭವವೇ ಜ್ಞಾನವೆಂದು ಸಭೆ ಸಭೆಗಳಲ್ಲಿ ಸಾರಿದವಳು ನಾನು. ಅನುಭವಸ್ಥೆ ಪಕ್ಕದಲ್ಲೇ ನಿಂತು ಹೇಳಿದರೂ ಕಟ್ಟೆಯ ಅಗಲವನ್ನೊಮ್ಮೆ ಅಳೆಯುವಷ್ಟು ವಿನಯ ನನಗಿರಲಿಲ್ಲ.

ಉದ್ಘಾಟನೆಯ ದಿನ ಅಂಗಳದ ಮೇಜಿನ ಮೇಲೆ ಯಂತ್ರ ಮೆರೆಯಿತು. ಮರುದಿನ ಒಳಗಿನ ಕಟ್ಟೆಗೇರಿಸಿದರೆ ಸರಳುಗಳು ಗೋಡೆಗೆ ತಾಗಿದವು. ಅಲಗು ಪೂರ್ತಿ ಹಿಂದಕ್ಕೆ ಹೋಗದು. ಕಟ್ಟಿಗೆಯನ್ನು ಹಿಂಬದಿಯ ಆಸರೆಯಿಂದ ಬಿಡಿಸಿ, ಕೈಯಲ್ಲೇ ಒತ್ತಿ ಹಿಡಿದು, ಅಲಗಿನತ್ತ ತರಬೇಕಾಯಿತು.

“ಹಿಂಗ ಕೊಯ್ಯಬಾರದ್ರಿ,” ಎಂದಳು ಮಹಾದೇವಿ.

“ಸದ್ಯಕ್ಕ ಹೊಂದಿಸ್ಕೊಂಡು ಹೋಗ್ರಿ,” ಎಂದೆ ನಾನು.

ಮೂರನೆಯ ವಾರ ಕಟ್ಟಿಗೆ ಚಿಮ್ಮಿತು. ಅದನ್ನು ಹಿಡಿದಿದ್ದ ಮಹಾದೇವಿಯ ಎಡಗೈ ಅಲಗಿಗೆ ಸಿಕ್ಕಿತು.

ವರದಿಯಲ್ಲಿ ನಾನು ಬರೆದ ಸಾಲು ಇದು: ‘ಅವಘಡಕ್ಕೆ ಶಿಕ್ಷಕಿಯ ಅಜಾಗರೂಕತೆಯೇ ಕಾರಣ.’ ಅಂಗಡಿಯ ಮಾತಿಲ್ಲ, ಗೋಡೆಯಿಲ್ಲ, ನನ್ನ ಅಪ್ಪಣೆಯಿಲ್ಲ. ವಿಶ್ವಸ್ತರು ಅವಳನ್ನು ಒಂದು ಮಾತೂ ಕೇಳದೆ ಅದನ್ನು ಒಪ್ಪಿ, ಕೆಲಸದಿಂದ ತೆಗೆದರು.

ಕಳೆದ ತಿಂಗಳು ಬಬಲೇಶ್ವರದ ಬಸ್‌ ನಿಲ್ದಾಣದಲ್ಲಿ ಸಿಕ್ಕಳು. ಈಗ ಒಣದ್ರಾಕ್ಷಿ ಆರಿಸುವ ಕೂಲಿಗೆ ಹೋಗುತ್ತಾಳಂತೆ. ಚಹಾ ಕುಡಿಸಿದಳು — ನನಗೆ, ಅವಳು.

“ಬೆರಳ ಹೋಗಿದ್ದಕ್ಕ ಅಳೂದಿಲ್ರಿ ಅಕ್ಕಾರ. ನನಗ ಕೆಲಸಾನ ಬರೂದಿಲ್ಲನ್ನೂವಂಗ ಬರದಾರಲ್ಲ — ಯಾರು ಬರದ್ರು ಹೇಳ್ರಿ?”

“ಗೊತ್ತಿಲ್ಲ,” ಎಂದೆ.

ಆ ಒಂದು ಮಾತು — ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಬೆರಳುಗಳನ್ನು ಕಳೆದದ್ದು ನನ್ನ ಹಟ. ಅದಕ್ಕೆ ಆತುರದ ನೆಪವಾದರೂ ಇತ್ತೇನೋ — ಇಲ್ಲ, ಇರಲಿಲ್ಲ. ಆದರೆ ಕಣ್ಣಲ್ಲಿ ಕಣ್ಣಿಟ್ಟು ಕೇಳಿದವಳಿಗೆ ಹೇಳಿದ ಸುಳ್ಳು... ನಿನ್ನೆ ಜೈನಾಪುರಕ್ಕೆ ಹೋಗಿ ಬರೆದವಳು ನಾನೆಂದು ಹೇಳಿ ಬಂದೆ. ಅವಳು ಕೈಯಲ್ಲಿದ್ದ ಮೊರವನ್ನು ಕೆಳಗಿಡದೆ ಕೇರುತ್ತಲೇ ಇದ್ದಳು.

ಸಂಸ್ಥೆಯ ವಿಶ್ವಸ್ತರೇ, ಇದು ನನ್ನ ಲಿಖಿತ ಹೇಳಿಕೆ. ಆ ವರದಿಯ ಸಾಲನ್ನು ಹೊಡೆದುಹಾಕಿ, ಅಲ್ಲಿ ನನ್ನ ಹೆಸರು ಬರೆಯಿರಿ. ನನ್ನನ್ನು ಸಂಚಾಲಕಿಯ ಸ್ಥಾನದಿಂದ ತೆಗೆಯಿರಿ. ಮುಂದಿನ ತರಗತಿ ಆರಂಭವಾಗುವ ಮುನ್ನ, ವಿಚಾರಿಸದೆ ಶಿಕ್ಷಿಸಿದ ನೀವೆಲ್ಲರೂ ಜೈನಾಪುರಕ್ಕೆ ಹೋಗಿ, ಮಹಾದೇವಿಯ ಕ್ಷಮೆ ಕೇಳಿ, ಅವಳ ಶಿಕ್ಷಕಿಯ ಹುದ್ದೆಯನ್ನು ಅವಳಿಗೆ ಹಿಂದಿರುಗಿಸಿ.