ಸೊನ್ನೆ ಸೆಕೆಂಡಿನ ದಿನ

ಬಸ್ ಡಿಪೋದ ಗೇಟಿನ ಪಕ್ಕದ ಗೂಡಿನಂಥ ಕೋಣೆಯಲ್ಲಿ ಕೂತು, ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಟಿತು ಎಂದು ಬರೆದುಕೊಳ್ಳುವುದು ಅವನ ಕೆಲಸ. ಇಪ್ಪತ್ತೊಂಬತ್ತು ವರ್ಷಗಳಿಂದ ಅದೇ ಕುರ್ಚಿ, ಅದೇ ಕಿಟಕಿ. ಬಸ್ಸುಗಳು ಹತ್ತು ನಿಮಿಷವೋ ಕಾಲು ಗಂಟೆಯೋ ತಡವಾಗಿಯೇ ಹೊರಡುತ್ತಿದ್ದವು. ಇವನು ಮಾತ್ರ ಎರಡು ಗಂಟೆ ಹದಿನಾಲ್ಕು ನಿಮಿಷ ಮೂವತ್ತೆಂಟು ಸೆಕೆಂಡು ಎಂದು ಬರೆಯುತ್ತಿದ್ದ. ಸೆಕೆಂಡು ಬರೆಯಲು ಆ ಪುಸ್ತಕದಲ್ಲಿ ಜಾಗವೇ ಇರಲಿಲ್ಲ. ಅಂಚಿನಲ್ಲಿ ಇರುವೆಯಂಥ ಅಕ್ಷರದಲ್ಲಿ ತುರುಕುತ್ತಿದ್ದ. ಡ್ರೈವರುಗಳು ಅವನಿಗೆ ಸೆಕೆಂಡಪ್ಪ ಎಂದು ಹೆಸರಿಟ್ಟರು. ಹೆಸರು ಡಿಪೋದಿಂದ ಬೀದಿಗೆ ಬಂತು, ಬೀದಿಯಿಂದ ಮನೆಗೂ ಬಂತು. ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಅಪ್ಪನ ಹೆಸರೇನು ಎಂದು ಕೇಳಿದ ಟೀಚರಿಗೆ ಹಾಗೆಯೇ ಹೇಳಿ ಬಂದಿದ್ದಳು.

ಇದಕ್ಕೆಲ್ಲ ಮೂಲ ಅವನ ಮಣಿಕಟ್ಟಿನ ಗಡಿಯಾರ. ಬ್ಯಾಟರಿಯದಲ್ಲ, ದಿನಾ ಕೀಲಿ ಕೊಡಬೇಕಾದ ಹಳೇ ಕಾಲದ್ದು. ಮೊದಲ ಸಂಬಳದಲ್ಲಿ ಕೊಂಡದ್ದು. ಬ್ಯಾಟರಿ ಗಡಿಯಾರ ತಪ್ಪದೆ ನಡೆಯುವುದು ಏನು ಮಹಾ, ಅದು ಗಿಣಿಪಾಠ ಎನ್ನುತ್ತಿದ್ದ. ಇದಕ್ಕೆ ಚಳಿಗೆ ಒಂದು ನಡಿಗೆ, ಸೆಕೆಗೆ ಇನ್ನೊಂದು. ಮುಖ ಮೇಲೆ ಮಾಡಿ ಮಲಗಿಸಿದರೆ ಬೆಳಗಾಗುವುದರೊಳಗೆ ನಾಲ್ಕು ಸೆಕೆಂಡು ಮುಂದೆ ಓಡಿರುತ್ತದೆ, ಕೀಲಿ ಮೇಲಾಗುವಂತೆ ನಿಲ್ಲಿಸಿಟ್ಟರೆ ಮೂರು ಸೆಕೆಂಡು ಹಿಂದೆ ಬಿದ್ದಿರುತ್ತದೆ. ಆದ್ದರಿಂದ ಆ ದಿನದ ತಪ್ಪು ಎಷ್ಟೆಂದು ನೋಡಿ, ಇವತ್ತು ಅದು ಯಾವ ಮಗ್ಗುಲಲ್ಲಿ ಮಲಗಬೇಕು ಎಂದು ಅವನು ತೀರ್ಮಾನಿಸುತ್ತಿದ್ದ. ತೀರ್ಮಾನವನ್ನು ಒಂದು ನೋಟ್ ಬುಕ್ಕಿನಲ್ಲಿ ಬರೆಯುತ್ತಿದ್ದ. ಅಂಥ ನೋಟ್ ಬುಕ್ಕುಗಳು ಬೀರುವಿನಲ್ಲಿ ಹದಿನೇಳಾಗಿದ್ದವು.

ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು, ಹೆಚ್ಚಾಗಿ ಶಾಲೆಯ ಯೂನಿಫಾರ್ಮುಗಳು. ಬಟ್ಟೆ ತಂದ ಹೆಂಗಸರಿಗೆಲ್ಲ ಒಂದೇ ಕಥೆ: "ನನಗೊಬ್ಬಳು ಸವತಿ ಇದ್ದಾಳೆ ಕಣ್ರೀ. ಇವರ ಮಣಿಕಟ್ಟಲ್ಲೇ ಸಂಸಾರ. ನಾನು ನಿದ್ದೆ ಮಾಡಿದ್ನೋ ಬಿಟ್ನೋ ಕೇಳೋರಿಲ್ಲ, ಅವಳ ಮಗ್ಗುಲು ಮಾತ್ರ ಎಣಿಸಿ ಎಣಿಸಿ ಬದಲಾಯಿಸ್ತಾರೆ." ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಆ ನಗುವಿನಲ್ಲಿ ಎಷ್ಟು ಪಾಲು ನಗು ಇತ್ತು ಎಂದು ನೋಡಲು ಇವನಿಗೆ ಪುರುಸೊತ್ತಿರಲಿಲ್ಲ. ಹುಚ್ಚು ಬಿಡುವ ತನಕ ಮದುವೆಯಾಗುವುದಿಲ್ಲ, ಮದುವೆಯಾಗುವ ತನಕ ಹುಚ್ಚು ಬಿಡುವುದಿಲ್ಲ ಅನ್ನುತ್ತಾರೆ. ಇವನಿಗೆ ಮದುವೆಯೂ ಆಯಿತು, ಮಗಳೂ ಹುಟ್ಟಿದಳು, ಆ ಮಗಳು ಟೀಚರಾಗಿ ಎರಡು ಬೀದಿ ಆಚೆ ಸಂಸಾರ ಹೂಡಿದಳು. ಹುಚ್ಚು ಮಾತ್ರ ಇದ್ದಲ್ಲಿಂದ ಜಗ್ಗಲಿಲ್ಲ.

ಆ ಮನೆಯಲ್ಲಿ ಒಂದು ನಿಯಮವಿತ್ತು. ಬೆಳಿಗ್ಗೆ ಎಂಟರ ವಾರ್ತೆಗೆ ಮುಂಚೆ ರೇಡಿಯೋದಲ್ಲಿ ಸೆಕೆಂಡಿಗೊಂದರಂತೆ ಆರು ಸಲ ಪೀಪು ಬರುತ್ತದೆ. ಆರನೆಯದು ಬಂದ ಗಳಿಗೆಯೇ ಎಂಟು ಗಂಟೆ. ಅವನು ರೇಡಿಯೋ ಪಕ್ಕ ಗಡಿಯಾರ ಹಿಡಿದು ಕೂತನೆಂದರೆ ಯಾರೂ ಉಸಿರೆತ್ತುವಂತಿರಲಿಲ್ಲ. ಯಾರಾದರೂ ಬಾಯಿ ತೆರೆದರೆ ಅಂಗೈ ಎತ್ತಿ ತಡೆಯುತ್ತಿದ್ದ. ಮಗಳು ಚಿಕ್ಕವಳಿದ್ದಾಗ ಆ ಹೊತ್ತಿಗೆ ಕೆಮ್ಮು ಬಂದರೆ ದಿಂಬಿನಲ್ಲಿ ಮುಖ ಹುದುಗಿಸುತ್ತಿದ್ದಳು. ಹೆಂಡತಿ ಹೊಲಿಗೆ ಮೆಷಿನ್ನಿನ ಪೆಡಲಿನಿಂದ ಕಾಲು ತೆಗೆದು ಸುಮ್ಮನೆ ಕೂರುತ್ತಿದ್ದಳು. ಇಪ್ಪತ್ತೇಳು ವರ್ಷ ಹಾಗೆ ಕೂತಳು.

ಗಡಿಯಾರ ರಿಪೇರಿಯವನು ಮಾರುಕಟ್ಟೆಯ ಮೆಟ್ಟಿಲ ಕೆಳಗೆ ಒಂದು ಮೇಜು, ಒಂದು ದೀಪ ಇಟ್ಟುಕೊಂಡು ಕೂರುವ ಮುದುಕ. ಗಡಿಯಾರದ ಬೆನ್ನಿನ ಮುಚ್ಚಳ ತೆಗೆದರೆ ಒಳಗೆ ಕೂದಲಿನಷ್ಟು ಸಣ್ಣ ಕಡ್ಡಿಯಿದೆ, ಅದನ್ನು ಆಚೆ ಸರಿಸಿದರೆ ಗಡಿಯಾರ ಬೇಗ, ಈಚೆ ಸರಿಸಿದರೆ ನಿಧಾನ ಎಂದು ತೋರಿಸಿಕೊಟ್ಟವನೇ ಅವನು. ತೋರಿಸಿಕೊಟ್ಟು ತಪ್ಪು ಮಾಡಿದೆ ಎಂದು ಆಮೇಲೆ ಬೈದುಕೊಂಡ. "ದಿನಕ್ಕೆ ಐದು ಸೆಕೆಂಡು ಒಂದು ತಪ್ಪಾ ಮಾರಾಯ? ನನ್ನ ಹೆಂಡತಿ ಮಾರ್ಕೆಟ್ಟಿಗೆ ಹೊರಡೋಕೆ ಮುಕ್ಕಾಲು ಗಂಟೆ ಬೇಕು, ನಾನು ಅವಳ ಬೆನ್ನು ಬಿಚ್ಚಿ ಕಡ್ಡಿ ತಿರುಗಿಸ್ತೀನಾ?" ಸೆಕೆಂಡಪ್ಪ ನಗಲಿಲ್ಲ. ಅವನಿಗೆ ಬೇಕಾಗಿದ್ದುದು ಸೊನ್ನೆ. ಇಪ್ಪತ್ನಾಲ್ಕು ಗಂಟೆ ನಡೆದು, ಆರನೇ ಪೀಪಿಗೆ ಸೆಕೆಂಡಿನ ಮುಳ್ಳು ಸರಿಯಾಗಿ ಹನ್ನೆರಡರ ನೆತ್ತಿಯ ಮೇಲೆ ಇರಬೇಕು. ಹದಿನೇಳು ನೋಟ್ ಬುಕ್ಕಿನಲ್ಲಿ ಒಂದು ಸಲವೂ ಅದು ಆಗಿರಲಿಲ್ಲ.

ಆದದ್ದು ಒಂದು ಗುರುವಾರ. ಅವನದು ಮಧ್ಯಾಹ್ನದ ಪಾಳಿ, ಎರಡಕ್ಕೆ ಡಿಪೋದಲ್ಲಿದ್ದರೆ ಆಯಿತು. ರೇಡಿಯೋ ಹಾಕಿ, ಕಣ್ಣಿಗೆ ಭೂತಗನ್ನಡಿ ಹಿಡಿದು ಕೂತಿದ್ದ. ಮೊದಲ ಪೀಪು, ಎರಡನೆಯದು. ಮುಳ್ಳು ಎಲ್ಲಿರಬೇಕೋ ಅಲ್ಲೇ ಇದೆ. ಮೂರನೇ ಪೀಪಿಗೆ ಸರಿಯಾಗಿ ಹೆಂಡತಿ ಬಾಗಿಲಲ್ಲಿ ಬಂದು ನಿಂತು ಏನೋ ಅಂದಳು. ಎರಡು ಮಾತು ಇರಬೇಕು. ದಪ್ಪ ದಪ್ಪವಾಗಿ, ನಾಲಿಗೆ ತಿರುಗದ ಹಾಗೆ. ಹೊಲಿಯುವಾಗ ಗುಂಡುಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುವುದು ಅವಳ ಅಭ್ಯಾಸ. ಪಿನ್ನು ಅಂದುಕೊಂಡ. ತಿರುಗಿ ನೋಡದೆ ಅಂಗೈ ಎತ್ತಿದ. ಅವಳು ಒಂದು ಗಳಿಗೆ ನಿಂತಿದ್ದು ಹೋದಳು. ಆರನೇ ಪೀಪಿಗೆ ಮುಳ್ಳು ನೆತ್ತಿಯ ಮೇಲಿತ್ತು.

ಇಷ್ಟಕ್ಕೇ ಎದ್ದು ಹೋಗಿದ್ದರೆ ಈ ಕಥೆ ಹೇಳುವ ಕೆಲಸ ನನಗಿರಲಿಲ್ಲ. ಅವನಿಗೆ ನಂಬಿಕೆ ಬರಲಿಲ್ಲ. ಒಂದು ಸಲ ಸೊನ್ನೆ ಬಂದರೆ ಕಾಕತಾಳೀಯ. ಪ್ರತಿ ಗಂಟೆಯ ಪೀಪಿಗೂ ಬಂದರೆ ನಿಜ. ಗಾಳಿಯಿಂದ ಗಡಿಯಾರ ತಣ್ಣಗಾಗಬಾರದೆಂದು ಫ್ಯಾನು ಆರಿಸಿದ, ಕಿಟಕಿ ಮುಚ್ಚಿದ, ಬಾಗಿಲು ಹಾಕಿಕೊಂಡ. ಒಂಬತ್ತಕ್ಕೆ ಸೊನ್ನೆ. ಹತ್ತಕ್ಕೆ ಸೊನ್ನೆ. ಬೆವರು ಒರೆಸಿಕೊಳ್ಳುತ್ತ, ಪುಟದ ಮೇಲೆ ಗೆರೆ ಎಳೆಯುತ್ತ ಕೂತ. ಆಚೆ ಕೋಣೆಯಲ್ಲಿ ಹೊಲಿಗೆ ಮೆಷಿನ್ನಿನ ಸದ್ದಿಲ್ಲ ಎಂಬುದು ಅವನ ಗಮನಕ್ಕೆ ಬಂತು. ನನ್ನ ಸಲುವಾಗಿ ನಿಲ್ಲಿಸಿದ್ದಾಳೆ, ಇವತ್ತಾದರೂ ಅರ್ಥವಾಯಿತಲ್ಲ ಎಂದು ಖುಷಿಪಟ್ಟ. ಈ ಖುಷಿಯನ್ನು ಅವನು ಆಮೇಲೆ ಯಾರ ಹತ್ತಿರವೂ ಹೇಳಿಲ್ಲ.

ಒಂದು ಗಂಟೆಯ ಪೀಪಿಗೂ ಸೊನ್ನೆಯೇ ಬಂದಾಗ ಬಾಗಿಲು ತೆಗೆದು "ಲೇ, ಬಾರೇ ಇಲ್ಲಿ, ನೋಡು ಬಾ!" ಎಂದು ಹುಡುಗನ ಹಾಗೆ ಕೂಗಿಕೊಂಡು ಓಡಿದ.

ಅವಳು ಮೆಷಿನ್ನಿನ ಪಕ್ಕ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಬಲಗೈ ಬೇರೆ ಯಾರದೋ ಎಂಬಂತೆ ಪಕ್ಕದಲ್ಲಿ ಬಿದ್ದಿತ್ತು. ಬಾಯಿ ಒಂದು ಕಡೆ ಸೊಟ್ಟಗಾಗಿ, ಜೊಲ್ಲು ಸೋರಿ, ಮಡಿಲಿನ ನೀಲಿ ಬಟ್ಟೆ ಒದ್ದೆಯಾಗಿತ್ತು. ಕಣ್ಣು ಮಾತ್ರ ತೆರೆದಿತ್ತು. ಆ ಕಣ್ಣು ಬಾಗಿಲನ್ನೇ ನೋಡುತ್ತಿತ್ತು. ಮೆಷಿನ್ನಿನ ಮೇಲೆ ಪಿನ್ನಿನ ಡಬ್ಬಿ ಮುಚ್ಚಿಕೊಂಡೇ ಇತ್ತು.

ಆಸ್ಪತ್ರೆಯಲ್ಲಿ ತಲೆಯ ಚಿತ್ರ ತೆಗೆಸುವಷ್ಟರಲ್ಲಿ ಮಗಳು ಶಾಲೆಯಿಂದ ಸೀದಾ ಬಂದಳು, ಬೆರಳಿನ ಸೀಮೆಸುಣ್ಣವನ್ನೂ ತೊಳೆದಿರಲಿಲ್ಲ. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಅವಸರದಲ್ಲಿದ್ದರು.

"ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ಕರಗಿಸೋ ಇಂಜೆಕ್ಷನ್ ಇದೆ, ಕೊಟ್ರೆ ಮಾತು, ಕೈ ವಾಪಸ್ ಬರೋ ಸಾಧ್ಯತೆ ಇದೆ. ಆದ್ರೆ ಶುರುವಾಗಿ ನಾಲ್ಕೂವರೆ ಗಂಟೆ ಒಳಗೇ ಕೊಡಬೇಕು. ತಡವಾಗಿ ಕೊಟ್ರೆ ಮೆದುಳಲ್ಲಿ ರಕ್ತ ಸೋರಿ ಜೀವಕ್ಕೇ ಅಪಾಯ. ಯಾವಾಗ ಶುರುವಾಯ್ತು?"

ಆಗ ಹೊತ್ತು ಒಂದು ಐವತ್ತೆರಡು.

ಮಗಳೇ ಅಂದಳು, "ಅಪ್ಪ ಬೆಳಗಿಂದ ಮನೇಲೇ ಇದ್ರು ಡಾಕ್ಟ್ರೇ, ಅವರಿಗೆ ಎಲ್ಲಾ ಗೊತ್ತಿರುತ್ತೆ. ಟೈಮಲ್ಲಿ ಅವರು ತಪ್ಪೋದೇ ಇಲ್ಲ. ಅಪ್ಪಾ, ಹತ್ತು ಗಂಟೆಗೆ ಅಮ್ಮ ಚೆನ್ನಾಗೇ ಇದ್ರಲ್ವಾ? ಕಾಫಿ ಕೊಟ್ಟಿರ್ತಾರಲ್ವಾ?"

ಹೌದು ಎಂದುಬಿಡಬಹುದಿತ್ತು. ಹತ್ತು ಗಂಟೆ ಎಂಬ ಒಂದೇ ಮಾತಿಗೆ ಇಂಜೆಕ್ಷನ್ ಸಿಗುತ್ತಿತ್ತು. ಅವಳಿಗೆ ಮಾತು ಬರುತ್ತಿತ್ತೋ, ಪ್ರಾಣವೇ ಹೋಗುತ್ತಿತ್ತೋ, ಯಾರು ಬಲ್ಲರು. ಮಗಳ ಮುಂದೆ ಮಾನವಂತೂ ಉಳಿಯುತ್ತಿತ್ತು. ಅತ್ತ ದರಿ, ಇತ್ತ ಪುಲಿ. ಕುರ್ಚಿಯ ಬೆನ್ನು ಹಿಡಿದುಕೊಂಡ.

"ಎಂಟಕ್ಕೆ," ಅಂದ.

"ಎಂಟಾ? ಗ್ಯಾರಂಟಿನಾ? ಅಂದಾಜಾ?"

"ಅಂದಾಜಲ್ಲ. ಎಂಟಕ್ಕೆ ಮೂರು ಸೆಕೆಂಡು ಇದ್ದಾಗ. ಬಂದು ಏನೋ ಹೇಳಿದ್ಲು, ಮಾತು ತೊದಲಿತ್ತು."

ಡಾಕ್ಟರ ಪೆನ್ನು ನಿಂತಿತು. ಅಷ್ಟು ಖಚಿತವಾದ ಉತ್ತರ ಅವರಿಗೆ ಯಾವತ್ತೂ ಸಿಕ್ಕಿರಲಿಲ್ಲವೇನೋ. ಲೆಕ್ಕ ಹಾಕುವ ಅಗತ್ಯವೇ ಇರಲಿಲ್ಲ, ಹೊತ್ತು ಮೀರಿ ಹೋಗಿತ್ತು. ತಲೆಯಾಡಿಸಿ ಒಳಗೆ ಹೋದರು.

"ತೊದಲಿದ್ದು ಕೇಳಿಸ್ತಾ ನಿಮಗೆ?" ಮಗಳ ದನಿ ಏರಲಿಲ್ಲ. "ಕೇಳಿಸಿಯೂ ಒಂದು ಗಂಟೆ ತನಕ ಏನ್ ಮಾಡ್ತಿದ್ರಿ?"

"ಬಾಯಲ್ಲಿ ಪಿನ್ನು ಇದೆ ಅಂದ್ಕೊಂಡೆ."

"ಅಪ್ಪ, ಏನ್ ಮಾಡ್ತಿದ್ರಿ ಅಂತ ಕೇಳಿದೆ."

ಅವನು ಹೇಳಿದ. ಒಂಬತ್ತರ ಪೀಪು, ಹತ್ತರದು, ಎಲ್ಲವನ್ನೂ ಹೇಳಿದ. ಮಗಳು ಕೇಳಿಸಿಕೊಂಡು, ಸೀಮೆಸುಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅಮ್ಮನ ಹಾಸಿಗೆಯ ಕಡೆ ನಡೆದಳು. ಅಂದಿನಿಂದ ಅವಳು ಅಪ್ಪನ ಹತ್ತಿರ ಔಷಧಿ, ಊಟ, ಬೀಗದ ಕೈ ಈ ಮೂರು ವಿಷಯ ಬಿಟ್ಟು ಬೇರೆ ಮಾತಾಡಿಲ್ಲ.

ಹತ್ತೊಂಬತ್ತು ದಿನಕ್ಕೆ ಹೆಂಡತಿ ಮನೆಗೆ ಬಂದಳು. ಬಲಗೈ, ಬಲಗಾಲು ಹೋಗಿದ್ದವು. ಹೊಲಿಯಲು ಕೊಟ್ಟವರು ಒಬ್ಬೊಬ್ಬರಾಗಿ ಬಂದು ಅರೆಬರೆ ಬಟ್ಟೆಗಳನ್ನು ಒಯ್ದರು. ಸೆಕೆಂಡಪ್ಪ ಉದ್ದ ರಜೆ ಹಾಕಿದ. ಮಿಂಚಿ ಹೋದ ಕಾಲಕ್ಕೆ ಚಿಂತಿಸಿ ಫಲವಿಲ್ಲ ಎಂದು ಪಕ್ಕದ ಮನೆಯಾಕೆ ಒಳ್ಳೆಯ ಮನಸ್ಸಿನಿಂದಲೇ ಸಮಾಧಾನ ಹೇಳಿದಳು. ಮಿಂಚಿದ ಕಾಲ ಎಷ್ಟು ಎಂದು ನಿಖರವಾಗಿ ಗೊತ್ತಿದ್ದವನಿಗೆ ಅದರಿಂದ ಏನು ಸಮಾಧಾನ. ಗಡಿಯಾರವನ್ನು ಒಂದು ದಿನ ಮೆಟ್ಟಿಲ ಕೆಳಗಿನ ಮುದುಕನ ಮೇಜಿನ ಮೇಲೆ ಇಟ್ಟ. ಮುದುಕ ಅದನ್ನು ಪರೀಕ್ಷೆಯ ಯಂತ್ರಕ್ಕೆ ಹಾಕಿ, ಆ ಮಗ್ಗುಲು ಈ ಮಗ್ಗುಲು ತಿರುಗಿಸಿ ನೋಡಿದ.

"ಸೊನ್ನೆ ಅಂದ್ಯಲ್ಲ, ಇದು ಸೊನ್ನೆ ಅಲ್ಲ ಮಾರಾಯ. ಮಲಗಿಸಿದ್ರೆ ಆರು ಸೆಕೆಂಡು ಮುಂದೆ, ನಿಲ್ಲಿಸಿದ್ರೆ ಆರು ಹಿಂದೆ. ಎರಡು ತಪ್ಪು ಒಂದನ್ನೊಂದು ಮುಚ್ಚಿಕೊಂಡಿವೆ, ಅಷ್ಟೇ. ನೀನು ಅವತ್ತು ಹೇಗೆ ಇಟ್ಟಿದ್ದೆಯೋ, ಹಾಗೆ ಕೂಡಿ ಬಂತು."

ಅವನಿಗೆ ಅಳು ಬಂತು. ಮುದುಕ ದೀಪವನ್ನು ಆಚೆ ತಿರುಗಿಸಿದ. ಗಡಿಯಾರವನ್ನು ಅಲ್ಲೇ ಬಿಟ್ಟು ಸೆಕೆಂಡಪ್ಪ ಬರಿಗೈಯಲ್ಲಿ ಮನೆಗೆ ನಡೆದ.

ಮಾತು ಕಲಿಸುವಾಕೆ ವಾರಕ್ಕೆ ಎರಡು ಸಲ ಬಂದು ಹೆಂಡತಿಯ ಗಲ್ಲ, ತುಟಿ ಹಿಡಿದು ಹೇಳಿಕೊಟ್ಟಳು. ಮೂರು ತಿಂಗಳಿಗೆ ಮೂರು ಮಾತು ಬಂದವು: ನೀರು, ಅಲ್ಲ, ಸಾಕು. ಇನ್ನು ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳಬೇಡಿ ಎಂದು ಹೇಳಿ ಆಕೆ ಬರುವುದನ್ನು ನಿಲ್ಲಿಸಿದಳು.

ಅವತ್ತು ಮಧ್ಯಾಹ್ನ ಅವನು ಗಂಜಿಯ ಬಟ್ಟಲು ಹಿಡಿದು ಹಾಸಿಗೆಯ ಪಕ್ಕ ಕೂತಿದ್ದ. ಮೂರು ತಿಂಗಳು ಒಳಗೇ ಇಟ್ಟುಕೊಂಡಿದ್ದುದನ್ನು ಕೊನೆಗೂ ಕೇಳಿದ.

"ಆ ದಿನ ಬಾಗಿಲಲ್ಲಿ ಬಂದು ಏನಂದೆ?"

ಅವಳು ಅವನನ್ನು ನೋಡಿದಳು.

"ಎರಡು ಮಾತು ಅಂದೆ ನೀನು. ತಲೆನೋವು ಅಂದ್ಯಾ?"

"ಅಲ್ಲ."

"ಕೈ ಎತ್ತೋಕಾಗ್ತಿಲ್ಲ ಅಂದ್ಯಾ?"

"ಅಲ್ಲ."

"ನೀರು ಕೊಡಿ ಅಂದ್ಯಾ? ಭಯ ಆಗ್ತಿದೆ ಅಂದ್ಯಾ?"

"ಅಲ್ಲ." ಎಡಗೈಯಿಂದ ಚಾದರದ ಅಂಚನ್ನು ಹಿಡಿದುಕೊಂಡಳು.

ಗಂಜಿ ಆರಿ ಕೆನೆಗಟ್ಟಿತ್ತು. ಅವನಿಗೆ ಗೊತ್ತಿದ್ದ ಮಾತುಗಳೆಲ್ಲ ಮುಗಿದಿದ್ದವು. ಕೇಳಬಾರದೆಂದು ಇಷ್ಟು ಹೊತ್ತು ತಡೆದುಕೊಂಡಿದ್ದ ಒಂದೇ ಒಂದು ಉಳಿದಿತ್ತು.

"ನಾನು ಅಂಗೈ ಎತ್ತಿದ ಮೇಲೂ ನಿಂತಿದ್ಯಲ್ಲ. ತಿರುಗಿ ನೋಡ್ತೀನಿ ಅಂತ ಕಾದ್ಯಾ?"

ಈ ಸಲ ಅವಳು ಅಲ್ಲ ಎನ್ನಲಿಲ್ಲ. ಬಟ್ಟಲನ್ನು ಎಡಗೈಯಿಂದ ಮೆಲ್ಲಗೆ ಆಚೆ ಸರಿಸಿ, ಒಂದಕ್ಷರವೂ ತೊದಲದೆ, "ಸಾಕು" ಅಂದಳು.