ಕುದುರೆಯ ಬಾಯಿ ನೋಡುವ ನಿಂಗಯ್ಯ

ದೊಡ್ಡವರ ಜೀವನಚರಿತ್ರೆ ಬರೆಯಲು ಮೈಸೂರಿನಲ್ಲಿ ಬೇಕಾದಷ್ಟು ಜನರಿದ್ದಾರೆ. ಬರೆದುಕೊಳ್ಳಲಿ, ನನ್ನದೇನೂ ತಕರಾರಿಲ್ಲ. ನಾನು ಬರೆಯುವುದು ಜಟಕಾ ನಿಂಗಯ್ಯನ ವಿಷಯ. "ಅವನ ಬಗ್ಗೆ ಬರೆಯೋದಕ್ಕೆ ಏನಿದೆಯೇ ಚೂಡಾಮಣಿ?" ಎಂದು ನಮ್ಮ ಕಡೆಯವರು ಮೂಗು ಮುರಿದಿದ್ದಾರೆ. ಮುರಿದುಕೊಂಡ ಮೂಗು ಅವರದ್ದು, ನನಗೇನು ನಷ್ಟ!

ನಿಂಗಯ್ಯ ಕುಂಬಾರಕೊಪ್ಪಲಿನವನು. ಅಪ್ಪ ರಾಗಿ ಬೆಳೆಯುತ್ತಿದ್ದ. ಇವನಿಗೆ ಹೊಲಕ್ಕಿಂತ ಕುದುರೆ ಇಷ್ಟ. ಹದಿನಾರು ವರ್ಷಕ್ಕೇ ನಜರಬಾದಿನ ಕಡೆ ಒಬ್ಬ ಶ್ರೀಮಂತರ ಲಾಯಕ್ಕೆ ಸೇರಿಕೊಂಡ. ಆ ಶ್ರೀಮಂತರ ಹೆಸರು ಹೇಳುವುದಿಲ್ಲ. ಅವರ ಮೊಮ್ಮಕ್ಕಳು ಈಗಲೂ ಮದುವೆ ಮನೆಗಳಲ್ಲಿ ಎದುರಾಗುತ್ತಾರೆ, ನನಗೆ ನೆಮ್ಮದಿಯಾಗಿ ಊಟ ಮಾಡಬೇಕು. ಅಲ್ಲಿ ಅವನ ಕೆಲಸ ಕುದುರೆ ತೊಳೆಯುವುದು, ಉಜ್ಜುವುದು, ಹುಲ್ಲು ಹಾಕುವುದು. ಕುದುರೆ ಹತ್ತುವ ಹಾಗಿಲ್ಲ. ಹತ್ತುವವರು ಬೇರೆ, ಬಾಚುವವರು ಬೇರೆ.

ಸವಾರಿ ಮುಗಿದ ಮೇಲೆ ಮನೆಯವರು, ಅತಿಥಿಗಳಾಗಿ ಬಂದ ಸಾಹೇಬರು ಕಾಫಿಗೆ ಒಳಗೆ ಹೋಗುತ್ತಿದ್ದರು. ನಿಂಗಯ್ಯ ಕಡಿವಾಣ ಬಿಚ್ಚಿ, ಎರಡು ಹೆಬ್ಬೆರಳಿನಿಂದ ಕುದುರೆಯ ತುಟಿಯ ಮೂಲೆ ಸರಿಸಿ ನೋಡುತ್ತಿದ್ದ. ಲಾಯದವರೆಲ್ಲ ಮಾಡುವ ಕೆಲಸವೇ ಅದು. ಕಬ್ಬಿಣದ ತುಂಡು ಕುದುರೆಯ ಬಾಯಲ್ಲಿ ಅಡ್ಡಕ್ಕೆ ಕೂತಿರುತ್ತದಲ್ಲ, ಸವಾರ ಲಗಾಮನ್ನು ಒರಟಾಗಿ ಎಳೆದರೆ ಆ ಮೂಲೆ ಸೀಳುತ್ತದೆ. ಮೆದುವಾಗಿ ಹಿಡಿದಿದ್ದರೆ ಏನೂ ಆಗಿರುವುದಿಲ್ಲ. "ಮುಖ ನೋಡಿ ಮಣೆ ಆಕೋರು ನೀವು. ನಾವು ಬಾಯಿ ನೋಡ್ತೀವಿ ಕಣಮ್ಮ, ಅದೂ ಕುದ್ರೇದು" ಎನ್ನುತ್ತಿದ್ದ ನಿಂಗಯ್ಯ. ಊರಿನ ಎಷ್ಟೋ ಗಣ್ಯರ ಯೋಗ್ಯತೆ ಅವನಿಗೆ ಹೀಗೇ ತಿಳಿದಿತ್ತು. ಸದ್ಯ, ಅವನು ಪತ್ರಿಕೆ ನಡೆಸುತ್ತಿರಲಿಲ್ಲ.

ಒಂದು ದಿನ ಯಜಮಾನರ ಪ್ರೀತಿಯ ಬಿಳಿ ಕುದುರೆಯ ಬಾಯಿ ರಕ್ತವಾಗಿತ್ತು. ಯಜಮಾನರು ಲಾಯಕ್ಕೆ ಬಂದು, "ಯಾರು ಮಾಡಿದ್ದು?" ಎಂದು ಗುಡುಗಿದರು. ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ನೆಲ ನೋಡಿದರು. ನಿಂಗಯ್ಯ ಮಾತ್ರ, "ಚಿಕ್ಕಬುದ್ಧಿಯೋರು" ಎಂದುಬಿಟ್ಟ. ಚಿಕ್ಕಬುದ್ಧಿ ಎಂದರೆ ಯಜಮಾನರ ಅಳಿಯ. ಹೆಂಗಸರು ಎದುರಿಗೆ ಬಂದರೆ ಎದ್ದು ನಿಂತು ಬಗ್ಗುವ, ಅವರ ಕೈಯಿಂದ ಜಾರಿದ ಬೀಸಣಿಗೆಯನ್ನು ನೆಲ ಮುಟ್ಟುವ ಮೊದಲೇ ಹಿಡಿದುಕೊಡುವ ಮನುಷ್ಯ. ಅಂಥವರ ಮೇಲೆ ದೂರೇ! ಮರುದಿನ ನಿಂಗಯ್ಯನನ್ನು ಹೊರಗೆ ಹಾಕಿದರು. ಅದು ೧೯೪೭ನೇ ಇಸವಿ. ದೇಶಕ್ಕೆ ಸ್ವಾತಂತ್ರ್ಯ ಬಂದ ತಿಂಗಳಲ್ಲೇ ತನಗೂ ಬಂತು ಎಂದು ಅವನು ಹೇಳಿ ನಗುತ್ತಿದ್ದ. ಆದರೆ ಅವನ ಹೆಂಡತಿ ಕೆಂಚಮ್ಮ ಆ ವರ್ಷ ನಾಲ್ಕು ಮನೆಯ ಪಾತ್ರೆ ತಿಕ್ಕಿದಳು. ಅವಳಿಗೆ ನಗು ಬರುತ್ತಿರಲಿಲ್ಲ.

ಆಮೇಲೆ ಹೇಗೋ ಒಂದು ಜಟಕಾ ಮಾಡಿಕೊಂಡ. ಕುದುರೆಯ ಹೆಸರು ಸುಬ್ಬಿ. ಬಡಕಲು, ಒಂದು ಕಿವಿ ಸೊಟ್ಟ, ಹಟದಲ್ಲಿ ನನ್ನನ್ನೂ ಮೀರಿಸುತ್ತಿದ್ದಳು. ನಾನು ಆಗ ಚಾಮುಂಡಿಪುರದಿಂದ ಒಂದು ಹೆಣ್ಣುಮಕ್ಕಳ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದೆ. ಶಾಲೆಯ ಆರು ಹುಡುಗಿಯರು, ನಾನು, ನಿಂಗಯ್ಯನ ಜಟಕಾ. ಈ ಖಾಯಂ ಬಾಡಿಗೆಯಿಂದಲೇ ಅವನ ಮನೆಯ ಒಲೆ ಉರಿಯುತ್ತಿತ್ತು. ಅದನ್ನು ಅವನಿಗೆ ಕೊಡಿಸಿದವರು ಶಾಲೆಯ ಕಮಿಟಿಯ ಅಧ್ಯಕ್ಷರು, ಅಂದರೆ ನನ್ನ ದೊಡ್ಡಪ್ಪ ಅನಂತಪದ್ಮನಾಭಯ್ಯನವರು. ಬೇಡವೆಂದರೆ ಮರುದಿನವೇ ತಪ್ಪಿಸಬಲ್ಲವರೂ ಅವರೇ.

ದೊಡ್ಡಪ್ಪ ಇಂಗ್ಲಿಷ್ ಪ್ರೊಫೆಸರಾಗಿದ್ದು ನಿವೃತ್ತರಾದವರು. ಅಪ್ಪ ಅಮ್ಮ ಇಲ್ಲದ ನನ್ನನ್ನು ಸಾಕಿದವರು. ಅವರಿಗೆ ಪದಗಳ ಹುಚ್ಚು, ಅದರಲ್ಲೂ ಷಿವಲ್ರಿ ಎಂಬ ಒಂದು ಪದದ ಹುಚ್ಚು. ಭಾನುವಾರ ಮನೆಗೆ ಬಂದವರಿಗೆಲ್ಲ ಅದರ ಚರಿತ್ರೆ ಕಡ್ಡಾಯ. ಮೊದಲು ಲ್ಯಾಟಿನ್ನಿನಲ್ಲಿ ಕಬಲ್ಲಸ್ ಎಂದರೆ ಹೊರೆ ಹೊರುವ ಸಾಧಾರಣ ಕುದುರೆ. ಅದರಿಂದ ಫ್ರೆಂಚರ ಕುದುರೆ, ಕುದುರೆಯಿಂದ ಕುದುರೆ ಸವಾರ. ಇಂಗ್ಲೆಂಡಿಗೆ ಬಂದಾಗ ಆ ಪದಕ್ಕೆ ಸವಾರರ ದಂಡು ಎಂದಷ್ಟೇ ಅರ್ಥ. ನಂತರ ಆ ಸವಾರರ ಯುದ್ಧದ ಪರಾಕ್ರಮ, ನಂತರ ಅವರು ಪಾಲಿಸಬೇಕಾದ ಧರ್ಮ: ಕೊಟ್ಟ ಮಾತು ತಪ್ಪಬಾರದು, ದುರ್ಬಲರನ್ನು ಕಾಯಬೇಕು. ಕೊನೆಗೆ ಹೆಂಗಸರ ಎದುರು ತೋರುವ ಸೌಜನ್ಯ. "ಎಂಥ ಪಯಣ ನೋಡಿ! ಲಾಯದಿಂದ ದಿವಾನಖಾನೆಗೆ!" ಎಂದು ದೊಡ್ಡಪ್ಪ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಬಂದವರು ಆ ಸಮಯ ನೋಡಿ ಚಪ್ಪಲಿ ಹುಡುಕುತ್ತಿದ್ದರು.

ಒಮ್ಮೆ ಜಟಕಾದಲ್ಲಿ ಬರುತ್ತ ನಾನು ಇದನ್ನೆಲ್ಲ ನಿಂಗಯ್ಯನಿಗೆ ಹೇಳಿದೆ. ಅವನು ಹೂಂ ಹೂಂ ಎಂದು ಪೂರ್ತಿ ಕೇಳಿದ.

"ಚೆನ್ನಾಗದೆ ಕಣಮ್ಮ. ಅಲ್ಲಾ, ಅಷ್ಟ್ ದೂರ ಬಂದೋರು ಕುದ್ರೇನ ಎಲ್ ಇಳಿಸ್ಬುಟ್ರು?"

ಅವನು ಬಗ್ಗಿ ಸುಬ್ಬಿಯ ಸೊಟ್ಟ ಕಿವಿಗೆ, "ಕೇಳುಸ್ತೇನವ್ವಾ? ಆ ಸೀಮೇಲಿ ದೊಡ್ಡೋರ ದೊಡ್ಡಸ್ತಿಕೆ ಎಲ್ಲಾ ನಿಮ್ಮಜ್ಜಿ ಬೆನ್ ಮ್ಯಾಲಿಂದ ಬಂದಿದ್ದಂತೆ" ಎಂದ. ಅವತ್ತು ಸುಬ್ಬಿ ಯಾವ ಕಾರಿಗೂ ದಾರಿ ಬಿಡಲಿಲ್ಲ.

ಈಗ ೧೯೫೮ಕ್ಕೆ ಬರುತ್ತೇನೆ. ನನಗೆ ಇಪ್ಪತ್ತಾರು. ಆ ಕಾಲದ ಲೆಕ್ಕದಲ್ಲಿ ಅಟ್ಟದ ಮೇಲೆ ಇಡುವ ವಯಸ್ಸು. ಹನ್ನೊಂದು ಗಂಡುಗಳು ಬಂದು ಕೇಸರಿಭಾತು ತಿಂದು ಹೋಗಿದ್ದವು. ಹನ್ನೆರಡನೆಯವನು ಲಕ್ಷ್ಮೀನರಸಿಂಹ, ಪೊಲೀಸ್ ಸಬ್‌ಇನ್ಸ್‌ಪೆಕ್ಟರ್ ಕೆಲಸಕ್ಕೆ ತರಬೇತಿ ಪಡೆಯುತ್ತಿದ್ದವನು. ಒಂದು ಭಾನುವಾರ ಹೆಣ್ಣು ನೋಡಲು ಬಂದಿದ್ದ. ನಾನು ಕಾಫಿ ತಟ್ಟೆ ಹಿಡಿದು ಬಂದೆ. ಮಹಾಶಯ ಕೂತಲ್ಲಿಂದ ಏಳಲಿಲ್ಲ. ಗಲ್ಲದ ಮೇಲೆ ಪಟ್ಟಿ, ಎರಡು ಮೊಣಕೈಗೂ ಪಟ್ಟಿ. ಲೋಟ ಹಿಡಿಯಲು ಹೋಗಿ ಅರ್ಧ ಕಾಫಿಯನ್ನು ದೊಡ್ಡಪ್ಪನ ನಿಘಂಟಿನ ಮೇಲೆ ಚೆಲ್ಲಿದ. ಹೊರಡುವಾಗ ಹೆಂಗಸರಿಗೆ ದಾರಿ ಬಿಡದೆ, ಗೋಡೆ ಹಿಡಿದುಕೊಂಡು ಕುಂಟುತ್ತ ಎಲ್ಲರಿಗಿಂತ ಮುಂದೆ ಬಾಗಿಲು ದಾಟಿದ. ಯಾಕೆ ಕುಂಟು ಎಂದು ಯಾರೋ ಕೇಳಿದರೆ, "ಬಿದ್ದೆ" ಎಂದು ನೆಲ ನೋಡಿದ. ಅಷ್ಟೇ ವಿವರಣೆ.

ಆದರೆ ನಡುವೆ ಒಂದು ಸಂಗತಿ ನಡೆದಿತ್ತು. ಹಾಡು ಹೇಳಿಸಿ ಎಂದು ಅವನ ಅತ್ತೆ ಕೂಗಿದಾಗ ಅವನು ನನ್ನನ್ನೇ ನೋಡಿ, "ನಿಮಗೆ ಇಷ್ಟ ಇಲ್ಲದಿದ್ದರೆ ಬೇಡ ಬಿಡಿ" ಎಂದಿದ್ದ. ನಾನು ಹಾಡಲಿಲ್ಲ. ಹನ್ನೊಂದು ಸಲ ಅದೇ ಒಂದು ಕೀರ್ತನೆ ಹಾಡಿ ಹಾಡಿ ನನಗೆ ವಾಕರಿಕೆ ಬಂದಿತ್ತು ಎಂದು ಆ ಮನುಷ್ಯನಿಗೆ ಹೇಗೆ ತಿಳಿಯಿತೋ! ನನಗೆ ಅವನು ಇಷ್ಟವಾಗಿದ್ದ. ತುಂಬಾ ಇಷ್ಟವಾಗಿದ್ದ. ಈ ವಯಸ್ಸಿನಲ್ಲಿ ಮುಚ್ಚಿಡುವುದೇನು.

"ಷಿವಲ್ರಿಯ ಗಂಧವೂ ಇಲ್ಲ. ಹೆಣ್ಣು ಎದುರಿಗೆ ಬಂದರೆ ಕಂಬದ ಹಾಗೆ ಕೂತಿದ್ದಾನೆ" ಎಂದು ದೊಡ್ಡಪ್ಪ ಅವತ್ತೇ ಬೇಡವೆಂದು ಕಾಗದ ಬರೆದು, ಮಂಗಳವಾರ ಅಂಚೆಗೆ ಹಾಕುವುದೆಂದು ಜಗಲಿಯ ಮೇಜಿನ ಮೇಲೆ ಇಟ್ಟರು. ಮನೆಯಲ್ಲಿ ಅದರ ಮೇಲೆ ಮಾತಿಲ್ಲ. ನಾನೂ ಆಡಲಿಲ್ಲ. ಶಾಲೆಯಲ್ಲಿ ನಲವತ್ತು ಹುಡುಗಿಯರನ್ನು ಗದರಿಸುವ ಗಂಟಲು ಆ ಮನೆಯ ಹೊಸಿಲೊಳಗೆ ಕಟ್ಟಿಹೋಗುತ್ತಿತ್ತು.

ಸೋಮವಾರ ಬೆಳಗ್ಗೆ ಹುಡುಗಿಯರು ಹತ್ತುವ ಮೊದಲು ನಿಂಗಯ್ಯನ ಹತ್ತಿರ ಗೊಣಗಿದೆ. ಹೆಸರು ಕೇಳುತ್ತಲೇ ಅವನು ಜಟಕಾ ನಿಲ್ಲಿಸಿಬಿಟ್ಟ.

"ಯಾರು, ಆ ಬೀಳೋ ಸಾಹೇಬ್ರಾ?"

ಆ ಪೊಲೀಸ್ ತರಬೇತಿಯಲ್ಲಿ ಕುದುರೆ ಸವಾರಿಯೂ ಒಂದು ಪಾಠ. ನಿಂಗಯ್ಯನ ಬಾವಮೈದ ಮಹದೇವಪ್ಪನಿಗೆ ಅಲ್ಲಿನ ಲಾಯದಲ್ಲೇ ಕೆಲಸ. ಕುದುರೆಯ ಮೈ ಮುಟ್ಟದೆ ಭಾನುವಾರ ಕಳೆಯಲಾಗದ ನಿಂಗಯ್ಯ ಅಲ್ಲಿಗೆ ಹೋಗಿ ಪುಕ್ಕಟೆ ಮೈ ತಿಕ್ಕಿ ಬರುತ್ತಿದ್ದ.

"ಏಳ್ತೀನಿ ಕೇಳಿ. ಒಸಬ್ರಿಗೆ ಕುದ್ರೆ ಮ್ಯಾಲೆ ಕೂರಾಕ್ ಬರಾಕಿಲ್ಲ. ಜಾರ್ತಾರೆ. ಜಾರ್ದಾಗ ಲಗಾಮ್ ಇಡ್ಕೊಂಡು ಜೋತು ಬೀಳ್ತಾರೆ. ಅವ್ರೇನೋ ಬೀಳಾಕಿಲ್ಲ, ಕುದ್ರೆ ಬಾಯಿ ಅರ್ದೋಯ್ತದೆ. ಇಪ್ಪತ್ತು ಜನದಲ್ಲಿ ಅತ್ತೊಂಬತ್ತು ಜನ ಇಂಗೇಯ. ಈ ಸಾಹೇಬ್ರು ಮಾತ್ರ ಜಾರ್ತಿದ್ದಂಗೇ ಲಗಾಮ್ ಬುಟ್ಬುಡ್ತಾರೆ. ದಪ್ಪಂತ ಬೀಳ್ತಾರೆ. ದಿನಾ ಬೀಳ್ತಾರೆ ಕಣಮ್ಮ! ಶನಿವಾರ ಬಿದ್ದ ಏಟ್ಗೆ ಎದ್ ನಿಲ್ಲಾಕೂ ಆಯ್ತಿರ್ನಿಲ್ವಂತೆ. ಅವ್ರ್ ಕುದ್ರೆ ಬಾಯಿ ನಾನೇ ನೋಡಿವ್ನಿ. ಒಂದ್ ಗೀರೂ ಇಲ್ಲ, ಕರ ಹಾಲ್ ಕುಡ್ದಂಗೆ ಐತೆ."

"ಇದನ್ನು ದೊಡ್ಡಪ್ಪನಿಗೆ ಹೇಳು" ಎಂದೆ.

ಅವನ ಮುಖ ಇಳಿಯಿತು. "ಬ್ಯಾಡಿ ಕಣಮ್ಮ. ಒಂದ್ಸಲ ಕುದ್ರೆ ಬಾಯಿ ಸುದ್ದಿ ಏಳಿ ಅನ್ನ ಕಳ್ಕೊಂಡೋನು ನಾನು. ಈಗ್ಲೂ ಅನ್ನ ಬುದ್ಧಿಯೋರ ಕೈಲೇ ಐತೆ. ಅವ್ರ್ ಮನೆ ಎಣ್ಮಗು ಮದ್ವೆ ವಿಚಾರ, ಜಟಕಾದೋನು ಬಾಯಿ ಆಕ್ಬೋದಾ?"

"ಪುಕ್ಕಲ!" ಎಂದುಬಿಟ್ಟೆ. ಬಾಯಿತಪ್ಪಿ ಬಂದದ್ದಲ್ಲ, ಸಿಟ್ಟಿನಿಂದಲೇ ಅಂದೆ. ನನ್ನ ಮನೆಯಲ್ಲಿ ನಾನೇ ಆಡಲಾಗದ ಮಾತನ್ನು ಅವನು ಆಡಲಿಲ್ಲವೆಂದು ಬೈದೆ. ಅವನು ಲಗಾಮು ಸಡಿಲಿಸಿ ಹುಡುಗಿಯರನ್ನು ಹತ್ತಿಸಿಕೊಳ್ಳಲು ಹೊರಟ. ನಾಚಿಕೆಯಿಂದ ನನಗೆ ಅವತ್ತು ಪಾಠವೇ ಓಡಲಿಲ್ಲ, ಹುಡುಗಿಯರಿಗೆ ಒಂದೇ ಗಣಿತವನ್ನು ಎರಡು ಸಲ ಮಾಡಿಸಿದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಜಗಲಿಯ ಕೆಳಗೆ ನಿಂಗಯ್ಯ ನಿಂತಿದ್ದ. ತಲೆಯ ವಸ್ತ್ರ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದ. ದೊಡ್ಡಪ್ಪ ಆರಾಮ ಕುರ್ಚಿಯಲ್ಲಿದ್ದರು. ನಾನು ಒಳಬಾಗಿಲ ಹಿಂದೆ.

ನಿಂಗಯ್ಯ ಎಲ್ಲವನ್ನೂ ಹೇಳಿದ. ಬೀಳುವ ಸಾಹೇಬರು, ಬಿಟ್ಟ ಲಗಾಮು, ಕುದುರೆಯ ಬಾಯಿ, ಒಂದೂ ಬಿಡಲಿಲ್ಲ. ದೊಡ್ಡಪ್ಪನ ಹುಬ್ಬು ಕನ್ನಡಕದಿಂದ ಹಣೆಯವರೆಗೆ ಹೋಯಿತು.

"ಏನಯ್ಯಾ ಅಧಿಕಪ್ರಸಂಗ! ಕುದುರೆ ಹತ್ತಲು ಬಾರದವನು ಎಂದು ನೀನೇ ಹೇಳುತ್ತಿದ್ದೀಯ. ಇರಲಿ, ಕುದುರೆಗೆ ಒಳ್ಳೆಯವನೇ ಎಂದುಕೊಳ್ಳೋಣ. ನಾನು ಕೊಡುತ್ತಿರುವುದು ಹೆಣ್ಣನ್ನು. ಹೆಣ್ಣಿಗೆ ಒಳ್ಳೆಯವನು ಎಂದು ಯಾವ ಬಾಯಿ ನೋಡಿ ಹೇಳುತ್ತೀ?"

"ಬುದ್ಧಿ, ಎಣ್ಮಕ್ಕಳ ಮುಂದೆ ಎದ್ ನಿಂತ್ರೆ ನಾಕ್ ಜನ ನೋಡ್ತಾರೆ, ಭೇಷ್ ಅಂತಾರೆ. ಕುದ್ರೆ ಬಾಯಿ ಒಳಗೆ ಯಾರೂ ನೋಡಾಕಿಲ್ಲ. ಅದು ಯಾರ್ಗೂ ಏಳಾಕೂ ಇಲ್ಲ. ಅಂಗೆ ಏಳ್ಕೊಳ್ಳಾಕ್ ಆಗ್ದೇ ಇರೋರ ತಾವ ಎಂಗ್ ನಡ್ಕೋತಾರೆ, ಅದೇಯ ನಮ್ ಲಾಯದಲ್ ನೋಡೋದು."

ದೊಡ್ಡಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದರು. ಸುಮ್ಮನೆ ಅಲ್ಲಿಗೇ ಬಿಟ್ಟು ಹೋಗಬಹುದಿತ್ತು ನಿಂಗಯ್ಯ. ಹೋಗಲಿಲ್ಲ. ಜಗಲಿಯ ಕಂಬ ಹಿಡಿದುಕೊಂಡ.

"ಇನ್ನೊಂದ್ ಮಾತು ಬುದ್ಧಿ. ತಪ್ಪಾದ್ರೆ ಒಟ್ಟೆಗಾಕ್ಕೊಳಿ. ನಮ್ ಅವ್ವಾರ್ನ ತಾವು ಒಂದ್ಸಲಾನಾದ್ರೂ ಕೇಳಿದ್ರಾ?"

ದೊಡ್ಡಪ್ಪ ಕೂಗಾಡುತ್ತಾರೆ ಎಂದು ನಾನು ಕಾದೆ. ಅವರು ಕೂಗಾಡಲಿಲ್ಲ. ಕಾಗದದ ಕಡೆ ನೋಡಿದರು, ನಿಂಗಯ್ಯನ ಕಡೆ ನೋಡಿದರು. ಆಮೇಲೆ ನಿಧಾನವಾಗಿ ಬಾಗಿಲ ಕಡೆ ತಿರುಗಿ, "ಚೂಡಾಮಣಿ" ಎಂದು ಕರೆದರು. ನಾನು ಹೊರಗೆ ಬಂದೆ. "ನೀನೇನಮ್ಮ ಹೇಳುತ್ತೀ?" ಎಂದರು.

ಆ ಮನೆಯಲ್ಲಿ ನಾನು ಇಪ್ಪತ್ತೊಂದು ವರ್ಷ ಬೆಳೆದಿದ್ದೆ. ಅನ್ನ, ಬಟ್ಟೆ, ಓದು, ಯಾವುದಕ್ಕೂ ಅವರು ಕಡಿಮೆ ಮಾಡಿರಲಿಲ್ಲ. ಈ ಒಂದು ಪ್ರಶ್ನೆಯನ್ನು ಮಾತ್ರ ಯಾವತ್ತೂ ಕೇಳಿರಲಿಲ್ಲ. "ಒಪ್ಪಿಗೆ ದೊಡ್ಡಪ್ಪ. ಆದರೆ ಮದುವೆಯಾದ ಮೇಲೂ ನಾನು ಶಾಲೆ ಬಿಡುವುದಿಲ್ಲ" ಎಂದೆ. ನನ್ನ ದನಿ ಎಷ್ಟು ಜೋರಾಗಿತ್ತೆಂದರೆ ಎದುರುಮನೆಯ ಸುಂದರಮ್ಮನವರು ಕಿಟಕಿ ತೆರೆದರು. ದೊಡ್ಡಪ್ಪ ಕಾಗದವನ್ನು ನಾಲ್ಕಾಗಿ ಹರಿದರು.

ನಿಂಗಯ್ಯನ ಶಾಲೆಯ ಬಾಡಿಗೆಯೂ ತಪ್ಪಲಿಲ್ಲ. ಆದರೆ ಆ ಸಂಜೆ ಜಗಲಿಯ ಕೆಳಗೆ ನಿಂತವನಿಗೆ ಅದು ಗೊತ್ತಿರಲಿಲ್ಲ. ಅವನು ಯಾವ ಧೈರ್ಯದ ಮೇಲೆ ಬಂದಿದ್ದ ಎಂಬುದು ನನಗೆ ತಿಳಿದದ್ದು ಬಹಳ ದಿನಗಳ ಮೇಲೆ, ಕೆಂಚಮ್ಮ ಹೇಳಿದಾಗ. ಅವತ್ತು ಮನೆಯಿಂದ ಹೊರಡುವಾಗ ಅವನು ಅವಳಿಗೆ, "ನಾಳಿಂದ ಸ್ಕೂಲ್ ಮಕ್ಳು ಇರಾಕಿಲ್ಲ ಅಂದ್ಕೊ, ಪಾತ್ರೆ ತಿಕ್ಕೋ ಮನೆ ಇನ್ನೊಂದ್ಸಲ ಕೇಳ್ಬೇಕಾಯ್ತದೆ" ಎಂದನಂತೆ. ಅವಳು ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. ತಲೆಯನ್ನೂ ಎತ್ತದೆ, "ಅದ್ಕೇನಂತೆ, ಓಗಿ ಏಳ್ಬುಟ್ಟು ಬಿರ್ನೆ ಬಾ, ಮುದ್ದೆ ಆರೋಯ್ತದೆ" ಎಂದಳಂತೆ.