ನಾಲ್ಕನೇ ಚರಣದ ಮದುಮಗಳು

ಸಂಗೀತ ಶಿಕ್ಷಕಿಯ ಹುದ್ದೆಯಿಂದ ನಿವೃತ್ತಳಾಗಿ ಅದು ಮೂರನೇ ವರ್ಷ. ಪುತ್ತೂರಿನ ನಮ್ಮ ಮನೆಯ ಮಹಡಿಯಲ್ಲಿ ಲ್ಯಾಪ್‌ಟಾಪ್, ಕೀಬೋರ್ಡ್, ಪ್ರಿಂಟರ್ ಇಟ್ಟುಕೊಂಡು, ಕೇಳಿದವರಿಗೆ ಹಾಡುಗಳ ನೊಟೇಶನ್, ಅಂದರೆ ಸ್ವರಲಿಪಿ, ಮಾಡಿಕೊಡುತ್ತಿದ್ದೆ. ಶಾಲೆಯ ಸ್ವಾಗತಗೀತೆಯಿಂದ ಹಿಡಿದು ಚರ್ಚಿನ ಗಾಯನದವರೆಗೆ ಎಲ್ಲವೂ ಬರುತ್ತಿತ್ತು. ನನ್ನ ಪ್ರತಿಯಲ್ಲಿ ತಪ್ಪು ಹುಡುಕಿ ತೋರಿಸಿದವರು ಅದುವರೆಗೆ ಯಾರೂ ಇರಲಿಲ್ಲ. ಯಾರೂ ಕೇಳದಿದ್ದರೂ ನಾನೇ ಇದನ್ನು ಎಲ್ಲರಿಗೂ ಹೇಳುತ್ತಿದ್ದೆ. ಆ ಕೊಬ್ಬು ಇಳಿದದ್ದು ಕಡಬದ ಒಂದು ಮದುವೆ ಮನೆಯಲ್ಲಿ.

ಆ ಮನೆಯ ಅಕ್ಕತಂಗಿಯರು ನಫೀಸಾ ಮತ್ತು ರೈಹಾನಾ ಇಬ್ಬರೂ ನನ್ನ ಹಳೆಯ ವಿದ್ಯಾರ್ಥಿನಿಯರು. ಮದುವೆಗೆ ಮುಂಚಿನ ಮದರಂಗಿಯ ದಿನ ಮನೆಯ ಹೆಂಗಸರೆಲ್ಲ ಮದುಮಗಳ ಸುತ್ತ ನಿಂತು, ಕೈ ತಟ್ಟುತ್ತ ತಮ್ಮ ಬ್ಯಾರಿ ಭಾಷೆಯ ಹಾಡು ಹೇಳುವುದು ಅವರಲ್ಲಿ ಪದ್ಧತಿ. ಹಾಡಿನಲ್ಲಿ ಮದುಮಗಳ ಹೆಸರು ಬರಲೇಬೇಕು. ಅವರ ಅಜ್ಜಿ ಐಸಮ್ಮನ ಬಾಯಲ್ಲಿ ಅಂಥ ಹಾಡೊಂದು ಇತ್ತು. ಎರಡು ವರ್ಷದ ಹಿಂದೆ ನಫೀಸಾಳ ಮದುವೆಗೆಂದು ಮೂರು ದಿನ ಅಜ್ಜಿಯ ಪಕ್ಕದಲ್ಲಿ ಕೂತು ಅದರ ನಾಲ್ಕು ಚರಣಗಳನ್ನು ನಾನೇ ಬರೆದುಕೊಂಡಿದ್ದೆ. ದುಬೈಯಲ್ಲಿದ್ದ ಮೊಮ್ಮಕ್ಕಳು ಅಲ್ಲೇ ನೋಡಿ ಕಲಿಯಬೇಕಿತ್ತು. ಅದಕ್ಕೇ ನೊಟೇಶನ್.

ಈಗ ರೈಹಾನಾಳ ಸರದಿ. ಮದುವೆಗೆ ಎರಡು ವಾರ ಇರುವಾಗ ಸ್ಕೂಟರಿನಲ್ಲಿ ಬಂದಳು.

"ಟೀಚರ್, ಶಾಲೆಗೆ ಬಂದದ್ದು ಅಕ್ಕನ ಯೂನಿಫಾರ್ಮ್ ಹಾಕಿ. ಓದಿದ್ದು ಅಕ್ಕನ ಪುಸ್ತಕದಲ್ಲಿ. ಈ ಸ್ಕೂಟರ್ ಸಹ ಅಕ್ಕನದ್ದೇ. ಹಾಡಾದ್ರೂ ನನ್ನದೇ ಅಂತ ಒಂದು ಬೇಕು. ಅಜ್ಜಿ ಒಬ್ಬೊಬ್ಬರಿಗೆ ಒಂದೊಂದು ರೀತಿ ಹಾಡುದು. ನೀವೊಮ್ಮೆ ಬಂದು, ಕೇಳಿ, ಹೊಸತೇ ಬರೀರಿ ಆಯ್ತಾ?"

"ಅದೆಲ್ಲ ನನಗೆ ಬಿಡು ಮಾರಾಯ್ತಿ" ಎಂದೆ.

ಬಿಟ್ಟಳು. ನಾನೂ ಬಿಟ್ಟೆ. ಬಿಸಿಲೋ ಬಿಸಿಲು, ಕಡಬದ ಬಸ್ಸಿನಲ್ಲಿ ನಿಂತುಕೊಂಡು ಹೋಗುವವರು ಯಾರು? ಹಳೆಯ ಫೈಲ್ ಹೇಗೂ ಇತ್ತಲ್ಲ! ನಫೀಸಾ ಎಂಬಲ್ಲಿ ಮೂರಕ್ಷರ, ರೈಹಾನಾ ಎಂಬಲ್ಲೂ ಮೂರಕ್ಷರ. ಒಂದು ಸ್ವರವನ್ನೂ ಮುಟ್ಟಬೇಕಾಗಿಲ್ಲ. ಬೇರೆ ಹೆಸರಿನಲ್ಲಿ ಸೇವ್ ಮಾಡಿಕೊಂಡು, ಮೊದಲ ಚರಣದಲ್ಲಿ ಕಂಡ ನಫೀಸಾಳನ್ನು ಅಳಿಸಿ ರೈಹಾನಾಳನ್ನು ಕೂರಿಸಿದೆ. ಬೇರೆಲ್ಲಾದರೂ ಹಳೆಯ ಹೆಸರು ಉಳಿದಿದೆಯೇ ಎಂದು ನೋಡಲು 'ನಫೀಸಾ' ಎಂದು ಟೈಪ್ ಮಾಡಿ ಹುಡುಕಲು ಹೇಳಿದೆ. ಇಲ್ಲ ಎಂದಿತು ಕಂಪ್ಯೂಟರ್. ಹದಿನಾಲ್ಕು ಪ್ರತಿ ಪ್ರಿಂಟ್ ತೆಗೆದು, ಕಡಬದ ಬಸ್ಸಿನಲ್ಲಿ ಕಳಿಸಿ, ಕಾಫಿ ಕುಡಿದೆ.

ಇಲ್ಲಿ ಸ್ವಲ್ಪ ವಿವರಿಸಬೇಕು. ನೊಟೇಶನ್ ಸಾಫ್ಟ್‌ವೇರಿನಲ್ಲಿ ಸಾಹಿತ್ಯವನ್ನು ಕಾಗದ ಬರೆದ ಹಾಗೆ ಒಂದೇ ಸಮನೆ ಬರೆಯುವುದಿಲ್ಲ. ಪ್ರತಿ ಸ್ವರದ ಕೆಳಗೆ ಅದಕ್ಕೆ ಸೇರಿದ ಅಕ್ಷರವನ್ನು ಮಾತ್ರ ಇಡುತ್ತೇವೆ. ಒಂದು ಅಕ್ಷರ ಹೊಡೆದು, ಹೈಫನ್ ಒತ್ತಿದರೆ ಮುಂದಿನ ಸ್ವರಕ್ಕೆ ಹೋಗುತ್ತದೆ. ಹಾಗಾಗಿ ನಾನು ಬಳಸುತ್ತಿದ್ದ ಸಾಫ್ಟ್‌ವೇರಿನ ಲೆಕ್ಕದಲ್ಲಿ ನಫೀಸಾ ಎಂಬ ಹೆಂಗಸೇ ಇರಲಿಲ್ಲ. ಒಂದು 'ನ', ಒಂದು 'ಫೀ', ಒಂದು 'ಸಾ' ಬೇರೆ ಬೇರೆಯಾಗಿ ಕೂತಿದ್ದವು. ಇಡೀ ಹೆಸರನ್ನು ಹುಡುಕಿದರೆ ಅದು ಪಾಪ ಎಲ್ಲಿಂದ ತಂದುಕೊಡಬೇಕು? ಇದು ಆಗಲೇ ನನಗೆ ಗೊತ್ತಿರಬೇಕಿತ್ತು. ಇಲ್ಲ ಎಂಬ ಉತ್ತರ ನನಗೆ ಬೇಕಾದದ್ದೇ ಆಗಿದ್ದರಿಂದ ಹೆಚ್ಚು ಯೋಚಿಸಲಿಲ್ಲ.

ಮದರಂಗಿಯ ದಿನ ಮಧ್ಯಾಹ್ನ ಕಡಬಕ್ಕೆ ಹೋದೆ. ಸುಳ್ಯದಿಂದ ಗಂಡಿನ ಕಡೆಯ ಹೆಂಗಸರು ಬಂದು ಮುಂದಿನ ಕುರ್ಚಿಗಳಲ್ಲಿ ಕೂತಿದ್ದರು. ನಡುವಿನಲ್ಲಿ ಅತ್ತೆಯಾಗುವವರು. ದುಬೈಯಿಂದ ಹಿಂದಿನ ದಿನವಷ್ಟೇ ಇಳಿದಿದ್ದ ಮೊಮ್ಮಕ್ಕಳು ಮೊದಲ ಚರಣವನ್ನಷ್ಟೇ ಹಾಡಿ ನೋಡಿ, ಉಳಿದದ್ದಕ್ಕೆ ಕಾಗದ ಉಂಟಲ್ಲ ಎಂದು ಧೈರ್ಯದಲ್ಲಿದ್ದರು. ಟೀಚರ ಕಾಗದದ ಮೇಲೆ ಅಷ್ಟು ನಂಬಿಕೆ!

ಮೊದಲ ಚರಣದಲ್ಲಿ ತನ್ನ ಹೆಸರು ಬಂದಾಗ ರೈಹಾನಾಳ ಮುಖ ಅರಳಿತು. ಎರಡು, ಮೂರು ಚೆನ್ನಾಗಿಯೇ ಹೋದವು. ನಾಲ್ಕನೆಯದು ಮದುಮಗಳನ್ನು ಗಂಡನ ಮನೆಗೆ ಕಳಿಸುವ ಚರಣ. ಹದಿನಾಲ್ಕು ಕೊರಳುಗಳು ಒಟ್ಟಿಗೆ ಏರಿ, ಸ್ಪಷ್ಟವಾಗಿ, ಶ್ರುತಿಬದ್ಧವಾಗಿ, ನಫೀಸಾಳನ್ನು ಕಳಿಸಿಕೊಟ್ಟವು.

ಚಪ್ಪಾಳೆ ನಿಂತಿತು. ಸುಳ್ಯದ ಅತ್ತೆ ಪಕ್ಕದವರ ಕಡೆ ತಿರುಗಿ, "ಎಂತ, ಹುಡುಗಿ ಬದಲಾದ್ಲಾ?" ಎಂದರು.

ಮಡಿಲಲ್ಲಿ ಮಗು ಮಲಗಿಸಿಕೊಂಡಿದ್ದ ನಫೀಸಾ, "ಅಯ್ಯೋ, ನಾನೊಮ್ಮೆ ಹೋಗಿ ಆಗಿದೆ ಮಾರಾಯ್ರೆ! ಇನ್ನೊಮ್ಮೆ ಕಳಿಸ್ಬೇಡಿ!" ಎಂದಳು.

ಚಪ್ಪರ ಹಾರಿಹೋಗುವಷ್ಟು ನಗು. ನಗದೆ ಇದ್ದವರು ಇಬ್ಬರೇ, ನಾನು ಮತ್ತು ರೈಹಾನಾ. ಅವಳು ತಲೆ ತಗ್ಗಿಸಿ ಅಂಗೈಯ ಹಸಿ ಮದರಂಗಿಯನ್ನೇ ನೋಡುತ್ತಿದ್ದಳು. ಅವಳ ಕಣ್ಣು ತುಂಬಿತ್ತು. ನನಗೆ ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಎನಿಸಿತು. ಎದ್ದು ನಿಂತು, "ತಪ್ಪು ಮಕ್ಕಳದ್ದಲ್ಲ, ನನ್ನದು. ಹೊಸತು ಬರೆಯುತ್ತೇನೆಂದು ಹೇಳಿ ಹಳೆಯದನ್ನೇ ಕೊಟ್ಟೆ" ಎಂದು ಎಲ್ಲರ ಎದುರೇ ಹೇಳಿಬಿಟ್ಟೆ.

ಐಸಮ್ಮಜ್ಜಿಗೆ ಓದಲು ಬರುವುದಿಲ್ಲ. "ಆ ಕಾಗದ ಇತ್ತ ಕೊಡಿ ಟೀಚರ್" ಎಂದರು. ಕೊಟ್ಟೆ. ಮಡಚಿ ಗಾಳಿ ಹಾಕಿಕೊಂಡರು. "ಸೆಕೆಗೆ ಒಳ್ಳೇದುಂಟು."

ಆಮೇಲೆ ಮೊಮ್ಮಗಳ ಎದುರು ಕೂತು, ಅವಳ ಗಲ್ಲ ಹಿಡಿದು ಹಾಡತೊಡಗಿದರು. ಬ್ಯಾರಿ ನನಗೆ ಅರೆಬರೆ. ನಫೀಸಾ ಕಿವಿಯಲ್ಲಿ ಅರ್ಥ ಹೇಳುತ್ತಿದ್ದಳು. ಗೇರುಮರದಿಂದ ಬಿದ್ದು ಮೂರು ದಿನ ಯಾರಿಗೂ ಹೇಳದವಳು ರೈಹಾನಾ. ಕಣ್ಣಿನ ಆಪರೇಶನ್‌ಗೆ ಅಜ್ಜಿಯನ್ನು ಸ್ಕೂಟರಿನಲ್ಲಿ ಪುತ್ತೂರಿಗೆ ಕೊಂಡುಹೋಗಿ, ತಡಮಾಡಿದ ಡಾಕ್ಟರಿಗೆ ಜೋರು ಮಾಡಿದವಳು ರೈಹಾನಾ. ಮೀನಿನ ಸಾರಿಗೆ ಎರಡು ಸಲ ಉಪ್ಪು ಹಾಕುವವಳು ರೈಹಾನಾ, ಸುಳ್ಯದವರೇ, ಉಪ್ಪಿನ ಭರಣಿಯನ್ನು ಮೇಲೆ ಇಡಿ! ಪ್ರತಿ ಸಲವೂ ಹೆಸರು ಬೇರೆ ಬೇರೆ ಎಳೆತದಲ್ಲಿ ಬಂತು. ಒಂದು ಸ್ವರಕ್ಕೆ ಒಂದು ಅಕ್ಷರ ಎಂಬ ನನ್ನ ಸಾಫ್ಟ್‌ವೇರಿನ ಕಾನೂನು ಅಲ್ಲಿ ನಡೆಯುವಂತಿರಲಿಲ್ಲ. ಅತ್ತೆಯಾಗುವವರೇ ಮೊದಲು ಕೈ ತಟ್ಟಿದರು. ರೈಹಾನಾ ಅಳುತ್ತಲೇ ನಕ್ಕಳು.

ಆ ದಿನದ ನಂತರ ಬರೆದದ್ದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ, ಎಲ್ಲ ಚರಣಗಳನ್ನೂ, ಗಟ್ಟಿಯಾಗಿ ಹಾಡಿ ನೋಡದೆ ಪ್ರಿಂಟ್ ಕೊಡುವುದಿಲ್ಲ. ಹುಡುಕಿದ್ದಕ್ಕೆ ಕಂಪ್ಯೂಟರ್ 'ಇಲ್ಲ' ಎಂದರೆ, ನಾನು ಕೇಳಿದ್ದು ಸರಿಯೇ ಎಂದು ಮೊದಲು ನನ್ನನ್ನೇ ಕೇಳಿಕೊಳ್ಳುತ್ತೇನೆ. ಕಡಬವಾದರೂ ಸರಿ, ಇಚಿಲಂಪಾಡಿಯಾದರೂ ಸರಿ, ಹಾಡುವವರ ಮನೆಗೇ ಹೋಗುತ್ತೇನೆ.

ಆದರೆ ದೊಡ್ಡ ಪಾಠ ಕಲಿತದ್ದು ಅಂದು ಊಟಕ್ಕೆ ಕೂತಾಗ. "ಅಜ್ಜಿ ಹಾಡಿದ್ದನ್ನು ಈ ವಾರವೇ ಒಂದೂ ತಪ್ಪಿಲ್ಲದೆ ಬರೆದು ಕೊಡುತ್ತೇನೆ" ಎಂದು ರೈಹಾನಾಳಿಗೆ ಹೇಳಿದೆ.

ಅವಳು ಗಾಬರಿಯಿಂದ ಮದರಂಗಿ ಕೈಗಳೆರಡನ್ನೂ ಅಡ್ಡ ಹಿಡಿದಳು. "ಬೇಡ ಟೀಚರ್! ನೀವು ಬರ್ದಿಟ್ರೆ ಅದು ನಾಳೆ ಚಿಕ್ಕಮ್ಮನ ಮಗಳ ಮದುವೆಗೆ ಹೋಗ್ತದೆ."